ಹತ್ತನೆಯ ಗಾಲಿ

ನೀಲವ್ವ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಸಲಾಕಿಗೆ ಮೆತ್ತಿದ್ದ ಕುಂಕುಮವನ್ನು ಉಜ್ಜುತ್ತಿದ್ದಳು. ಯಾರೋ ಪುಣ್ಯಾತ್ಮ ಬರೀ ಕುಂಕುಮ ಹಚ್ಚಿ ಸುಮ್ಮನಾಗಿರಲಿಲ್ಲ. ಚೆಂಡುಹೂವಿನ ಮಾಲೆ ಸುತ್ತಿ, ಪಕ್ಕದ ಹಳೇ ಟಾಯರಿನ ಸಂದಿಗೆ ಎರಡು ಊದಿನಕಡ್ಡಿಯನ್ನೂ ಸಿಕ್ಕಿಸಿ ಹೋಗಿದ್ದ. ಮೂರಡಿ ಉದ್ದದ ಕಬ್ಬಿಣದ ಸಲಾಕಿ ಅದು. ಮೂವತ್ತೆರಡು ವರ್ಷ ಒಂದೇ ಕೈಯಲ್ಲಿ ಆಡಿ ಹಿಡಿಯುವ ಕಡೆ ನುಣ್ಣಗಾಗಿತ್ತು. ಆ ಕೈಯ ಯಜಮಾನ ಕಾಶೀನಾಥ ಈಗ ಅಂಗಳದ ಪೆಂಡಾಲಿನ ಕೆಳಗೆ, ತಮ್ಮ ಜನರ ಪದ್ಧತಿಯಂತೆ ಕುರ್ಚಿಯಲ್ಲಿ ಕೂತಿದ್ದ. ತಲೆ ವಾಲದ ಹಾಗೆ ಗದ್ದಕ್ಕೆ ಬಿಳಿ ಪಟ್ಟಿ ಕಟ್ಟಿದ್ದರು. ಬದುಕಿದ್ದಾಗ ಒಂದು ಗಳಿಗೆ ಕೂತವನಲ್ಲ, ಇವತ್ತು ಬೆಳಗಿನಿಂದ ಎದ್ದಿರಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾರ," ಎಂದ ಸಿದ್ದೇಶ. ಹದಿನೈದು ವರ್ಷದಿಂದ ಅಂಗಡಿಯಲ್ಲಿ ಕಾಶೀನಾಥನ ಜೊತೆ ಟಾಯರು ಬಿಚ್ಚಿ ತೊಡಿಸಿದವನು. ಅತ್ತತ್ತು ಅವನ ಕಣ್ಣು ಬಾತುಕೊಂಡಿದ್ದವು. "ಡ್ರೈವರ್ ಮಂದಿ ಪ್ರೀತಿಲೆ ಹಚ್ಯಾರ."

"ಅವರಿದ್ದಾಗ ಯಾರಾರ ಹಚ್ಚಿದರ ಏನ್ ಮಾಡ್ತಿದ್ರೋ?"

"ಬೈತಿದ್ರು. ಬೈದು, ಸೀಮೆಎಣ್ಣಿ ಹಾಕಿ ಒರಸ್ತಿದ್ರು."

"ಮತ್ತ?" ಎಂದು ನೀಲವ್ವ ಉಜ್ಜುವುದನ್ನು ಮುಂದುವರಿಸಿದಳು. ಅವಳ ಮನಸ್ಸಿಗೆ ಕೇಳಿದರೆ ಆ ಕುಂಕುಮ ಇದ್ದರೇ ಚೆಂದವಿತ್ತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಬ್ಬರ ಪಾಲಿನ ಕೈಯನ್ನೂ ಅವಳೊಬ್ಬಳೇ ಮುಗಿದಿದ್ದಳು.

ನಾಗಪುರದ ಅಮರಾವತಿ ರಸ್ತೆಗೆ ಮುಖ ಮಾಡಿ ಅಂಗಡಿ, ಅದರ ಬೆನ್ನಿಗೆ ಎರಡು ಕೋಣೆಯ ಮನೆ. ವಾಡಿಯ ಗೋದಾಮುಗಳಿಗೆ ಬಂದುಹೋಗುವ ಕರ್ನಾಟಕದ ಲಾರಿಗಳೆಲ್ಲ ಇಲ್ಲಿ ನಿಂತೇ ಹೋಗುತ್ತಿದ್ದವು. ಕಳಮನಾದ ಮಾರ್ಕೆಟ್ಟಿನಲ್ಲಿ ಕಿತ್ತಳೆ ತುಂಬಿದವರು ಕೂಡ ಊರಿಡೀ ಸುತ್ತು ಹಾಕಿಕೊಂಡು ಬರುತ್ತಿದ್ದರು. ಕಾಶೀನಾಥ ಲಾರಿಯ ಸುತ್ತ ಒಂದು ಸುತ್ತು ಬಂದು, ಒಂದೊಂದೇ ಟಾಯರಿಗೆ ಸಲಾಕಿಯಿಂದ ಬಡಿದು ಕಿವಿಗೊಡುತ್ತಿದ್ದ. ಗಾಳಿ ಸರಿಯಿದ್ದರೆ ಟಣ್ ಎನ್ನುತ್ತದೆ, ಇಳಿದಿದ್ದರೆ ದಪ್ ಎನ್ನುತ್ತದೆ. ಹಿಂದಿನ ಜೋಡಿ ಗಾಲಿಗಳಲ್ಲಿ ಹೊರಗಿನದು ಕಣ್ಣಿಗೆ ಕಾಣುತ್ತದೆ, ಒಳಗಿನದನ್ನು ಬಗ್ಗಿ ಬಡಿದೇ ತಿಳಿಯಬೇಕು. ಹತ್ತು ಗಾಲಿಯೂ ಮುಗಿದ ಮೇಲೆ "ಹೂಂ, ಹೊಂಡು" ಎನ್ನುತ್ತಿದ್ದ. ಅದಕ್ಕೆ ಒಂದು ರೂಪಾಯಿ ತೆಗೆದುಕೊಂಡವನಲ್ಲ.

"ತಂಗೀ, ಒಂದೀಟ ಒಳಗ ಬಾ," ಎಂದು ರೇವಣಪ್ಪ ಕರೆದ. ಕಾಶೀನಾಥನ ಅಣ್ಣ, ಆಸ್ಪತ್ರೆಯ ಸುದ್ದಿ ಕೇಳಿ ನಿನ್ನೆಯೇ ತಮ್ಮೂರು ಇಂಡಿಯಿಂದ ಬಂದಿದ್ದ. ಎಪ್ಪತ್ತು ದಾಟಿದ ಮನುಷ್ಯ, ಹಣೆಯ ತುಂಬ ವಿಭೂತಿ. ಒಳಗೆ ಹೋದ ಮೇಲೆ ಬಾಗಿಲನ್ನು ಅರ್ಧ ಮುಂದೂಡಿದ.

"ಕ್ರಿಯಾ ಮಾಡ್ಸಾಕ ಅಯ್ಯನವರು ಈಗ ಬರ್ತಾರ. ಕಡೀ ಗಳಿಗ್ಯಾಗ ಏನಂದ ಅಂತ ಕೇಳೇ ಕೇಳ್ತಾರ. 'ಶಿವಾ' ಅಂದ ಅಂತ ಹೇಳಿಬಿಡು."

ನೀಲವ್ವ ಸೆರಗಿನ ಒದ್ದೆ ತುದಿಯನ್ನು ಹಿಂಡಿದಳು.

"ಎರಡು ಅಕ್ಷರ ತಂಗೀ. ಮಗ್ಗಲದಾಗ ಇದ್ದಾಕಿ ನೀ ಒಬ್ಬಾಕಿ, ನೀ ಅಂದದ್ದ ಖರೆ. ಕೊಳ್ಳಾಗಿನ ಲಿಂಗಾ ತಗದ, ಗುಡಿ ಮೆಟ್ಟಲಾ ಹತ್ತಲಿಲ್ಲ. ಊರಮಂದಿ ಬಾಯಿಗೆ ಬಿದ್ದದ್ದು ಸಾಕಾಗೇತಿ. ನನಗರ ಒಳಗಿಂದೊಳಗ ಗೊತ್ತೈತಿ, ಅವನ ಮನಸ್ಸಿನ್ಯಾಗ ದೇವರಿದ್ದ. ನಾನ ಕಣ್ಣಾರೆ ನೋಡೀನಿ, ಇದ ದೇವರ ಜಗಲಿ ಮುಂದ ಕಣ್ಣು ಮುಚ್ಚಿ ಕೂತಿದ್ದ." ಅವನು ಅಡಿಗೆಮನೆಯ ಕಡೆ ಕೈ ತೋರಿಸಿದ. "ನಾ ಎತ್ತಿ ಆಡಿಸಿದ ಹುಡುಗ ಅಂವ. ದಿಕ್ಕಿಲ್ಲದಂಗ ಹೋದ ಅಂದರ ನನಗ ನಿದ್ದಿ ಹೆಂಗ ಬರಬೇಕ?"

ಭಾವ ಕೆಟ್ಟವನಾಗಿದ್ದರೆ ಬೇಡ ಎನ್ನುವುದು ಸುಲಭವಾಗುತ್ತಿತ್ತು.

*

ಜಗಲಿಯ ಕತೆ ನಿಜವೇ. ಅಡಿಗೆಮನೆಯ ಮೂಲೆಯಲ್ಲಿ ಕಲ್ಲಿನ ಹಲಗೆ, ಅದರ ಮೇಲೆ ನೀಲವ್ವನ ದೇವರುಗಳು. ಇಡೀ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ. ಕಾಶೀನಾಥ ಮನೆಯೆಲ್ಲ ಹುಡುಕಿ, ಅಟ್ಟ ಹತ್ತಿ ನೋಡಿ, ಕೊನೆಗೆ ಫೋನನ್ನು ಬಸವಣ್ಣನ ಮೂರ್ತಿಗೆ ಒರಗಿಸಿ ಇಟ್ಟ.

"ದೇವರ ಮ್ಯಾಲ ಇಡ್ತೀರೇನ್ರಿ?" ಎಂದು ಅವಳು ಜಗಳ ತೆಗೆದಿದ್ದಳು.

"ನಿನ್ನ ದೇವರು ಒಂದಾದರೂ ಕೆಲಸಕ್ಕ ಬಂದನಲ್ಲ, ಖುಷಿ ಪಡು."

ದಿನಾ ಸಂಜೆ ಅವಳು ದೀಪ ಹಚ್ಚುವ ಹೊತ್ತಿಗೆ ಅವನೂ ಕೈಕಾಲು ತೊಳೆದು ಬಂದು ಪಕ್ಕದಲ್ಲಿ ಕೂರುತ್ತಿದ್ದ. ಊರು ಮುಟ್ಟಿದ ಡ್ರೈವರುಗಳು ಎರಡು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದರು. ಕರೆಗೆ ದುಡ್ಡು ಬೀಳುವ ಕಾಲದಲ್ಲಿ ಶುರುವಾದ ರೂಢಿ ಅದು. ಈಗ ತಾಸುಗಟ್ಟಲೆ ಮಾತಾಡಿದರೂ ಏನೂ ಬೀಳುವುದಿಲ್ಲ, ಆದರೆ ಎರಡು ರಿಂಗು ಹಾಗೆಯೇ ಉಳಿದುಬಿಟ್ಟಿತ್ತು. ಕಾಶೀನಾಥ ಯಾವತ್ತೂ ತಿರುಗಿ ಕರೆ ಮಾಡುತ್ತಿರಲಿಲ್ಲ. ಹೆಸರು ನೋಡಿ "ಶಂಕ್ರ್ಯಾ ಮುಟ್ಟಿದ" ಎನ್ನುತ್ತಿದ್ದ. ಅವತ್ತು ಬರಬೇಕಾದ ರಿಂಗುಗಳೆಲ್ಲ ಬಂದ ಮೇಲೆಯೇ ತಾಟಿಗೆ ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ. ಬರದಿದ್ದ ದಿನ ನೀಲವ್ವನೂ ಹಸಿದು ಕೂರಬೇಕಾಗುತ್ತಿತ್ತು. ಕಾಯುತ್ತ ಕಾಯುತ್ತ ದಣಿದವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಐದು ವರ್ಷದ ಹಿಂದೆ ರೇವಣಪ್ಪ ನೋಡಿದ್ದು ಆ ನೋಟವನ್ನೇ. ಊರಿಗೆ ಹೋಗಿ, ತಮ್ಮ ಕೊನೆಗೂ ದಾರಿಗೆ ಬಂದ ಎಂದು ಮಠದಲ್ಲಿ ಪ್ರಸಾದ ಮಾಡಿಸಿದ್ದ. ಸುದ್ದಿ ತಿಳಿದ ಕಾಶೀನಾಥ ನಗಲು ಶುರು ಮಾಡಿದವನು ಕೆಮ್ಮು ಬರುವ ತನಕ ನಕ್ಕಿದ್ದ. "ಹೇಳಬ್ಯಾಡ ಬಿಡ ಅವಗ. ಊಟ ಆತಲ್ಲ ನಾಕು ಮಂದೀದು," ಎಂದಿದ್ದ. ನೀಲವ್ವ ಹೇಳಿರಲಿಲ್ಲ.

*

ಫೋನು ಈಗ ನೀಲವ್ವನ ಕೈಯಲ್ಲಿತ್ತು. ಬೆಳಗಿನಿಂದ ಅದನ್ನು ಬಿಟ್ಟು ಸರಿದಿರಲಿಲ್ಲ. ಅಂಗಳಕ್ಕೆ ಬಂದು ಕೂತ ಮೇಲೆ ಎರಡು ಸಲ ರಿಂಗಾಗಿ ನಿಂತಿತ್ತು. ಮಗಳು ವಸುಧಾ ಪಕ್ಕದಲ್ಲಿ ಬಗ್ಗಿ ಹೆಸರು ಓದುತ್ತಿದ್ದಳು. ಒಂದು ಸಲ ಹನುಮಂತ, ಇನ್ನೊಂದು ಸಲ ಮಹಿಬೂಬ. ಸಾವಿನ ಸುದ್ದಿ ತಿಳಿಯದೆ, ತಾವು ಊರು ಮುಟ್ಟಿದ್ದನ್ನು ಅವರು ತಿಳಿಸುತ್ತಿದ್ದರು.

"ಮರಿಯಪ್ಪಂದು ನೋಡ ಇನ್ನೊಮ್ಮೆ."

"ಅವ್ವಾ, ಹತ್ತು ಸಲ ಹಚ್ಚಿದೆ. ಬಂದ್ ಯೇತೋಯ್. ಸ್ವಿಚ್ ಆಫ್ ಐತಿ." ವಸುಧಾ ನಾಗಪುರದಲ್ಲೇ ಹುಟ್ಟಿ ಬೆಳೆದವಳು, ದುಃಖದಲ್ಲಿ ಮರಾಠಿ ತಾನಾಗಿ ಬಾಯಿಗೆ ಬರುತ್ತಿತ್ತು. "ಡ್ರೈವರ್ ಮಂದಿ ಫೋನ್ ಹಿಂಗ ಇರ್ತಾವ. ನೀ ಯಾಕ ಇಷ್ಟ ಹೆದರ್ತಿ?"

ಮೊನ್ನೆ ಮಂಗಳವಾರ ಸಂಜೆ ಮರಿಯಪ್ಪನ ಲಾರಿ ಕಿತ್ತಳೆ ತುಂಬಿಕೊಂಡು ಹುಬ್ಬಳ್ಳಿಗೆ ಹೊರಟು ನಿಂತಿತ್ತು. ಕಾಶೀನಾಥ ಒಂಬತ್ತು ಗಾಲಿ ಬಡಿದಿದ್ದ. ಹಿಂದಿನ ಎಡಗಡೆಯ ಒಳಗಿನದೊಂದು ಬಾಕಿಯಿತ್ತು. ಅದಕ್ಕೆ ಬಗ್ಗಿದವನು ಹಾಗೆಯೇ ಕುಸಿದ. ಮರಿಯಪ್ಪ, ಸಿದ್ದೇಶ ಇಬ್ಬರೂ ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ಮಂಚದ ಮೇಲೆ ಎಚ್ಚರಾದಾಗ ಕಾಶೀನಾಥ ಅಂದ ಮೊದಲ ಮಾತು, "ಹೊಂಡೋ ನೀ, ಸಂತ್ರಿ ಕೊಳೀತಾವ." ಮರಿಯಪ್ಪ ಕಣ್ಣೊರೆಸಿಕೊಳ್ಳುತ್ತ ಹೋದ. ಹತ್ತನೆಯ ಗಾಲಿಯನ್ನು ಅವನು ಬಡಿದು ನೋಡಿದನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನಿನ್ನೆ ರಾತ್ರಿಯೇ ಬರಬೇಕಾಗಿದ್ದ ಅವನ ಎರಡು ರಿಂಗು ಇನ್ನೂ ಬಂದಿರಲಿಲ್ಲ.

ಕನ್ನಡ ಸಂಘದ ಪೊನ್ನಪ್ಪನವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಕೊಡಗಿನವರು, ವಾಯುಪಡೆಯಲ್ಲಿದ್ದು ನಿವೃತ್ತರಾಗಿ ಇಲ್ಲೇ ನೆಲೆಸಿದವರು. "ಸಂಘದ ಗ್ರೂಪಿಗೆ ಸುದ್ದಿ ಹಾಕಬೇಕಮ್ಮ. ಲಿಂಗೈಕ್ಯ ಅಂತ ಹಾಕಲಾ? ದೈವಾಧೀನ ಅಂದ್ರೆ ನಿಮ್ಮ ಯಜಮಾನ್ರು ಎದ್ದು ಜಗಳಕ್ಕೆ ಬರ್ತಾರೆ."

"ತೀರಿಕೊಂಡ್ರು ಅಂತ ಹಾಕ್ರಿ ಸಾಹೇಬ್ರ, ಸಾಕು."

*

ದೇವರನ್ನು ಯಾಕೆ ಬಿಟ್ಟೆ ಎಂದು ಕಾಶೀನಾಥ ಹೇಳಿದ್ದು ಒಂದೇ ಸಲ, ಅದೂ ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ದಸರೆಯ ಖಂಡೇಪೂಜೆಯ ದಿನ. ಅಂಗಡಿಯ ಮುಂದೆ ಸಾಲಾಗಿ ಲಾರಿ ನಿಂತಿದ್ದವು, ಎಲ್ಲಕ್ಕೂ ಬಾಳೆಕಂದು, ಗಾಲಿಯ ಕೆಳಗೆ ನಿಂಬೆಹಣ್ಣು. ಕಾಶೀನಾಥ ಹೂವಿನ ಹಾರಗಳನ್ನು ಆಚೀಚೆ ಸರಿಸಿ ಬಡಿಯುತ್ತಿದ್ದ. ಮಂದಿ ಏನಂದುಕೊಳ್ಳುತ್ತಾರೆ, ಇವತ್ತೊಂದು ದಿನ ಬಿಡಬಾರದೇ ಎಂದು ನೀಲವ್ವ ರೇಗಿದಳು.

ಅವನು ಹತ್ತೂ ಗಾಲಿ ಮುಗಿಸಿ ಬಂದು ಅವಳ ಎದುರು ಕೂತ.

"ಇಂಥಾದ್ದ ಒಂದು ಪೂಜಾದ ದಿನ, ನಾನೂ ಭೀಮಶಾನೂ ಕೂಡಿ ಗಾಡಿ ಸಿಂಗಾರ ಮಾಡಿದ್ವಿ. ಎಲ್ಲಾ ಗಾಲಿಗೂ ಹೂ ನಾನ ಹಾಕಿದೆ. ಹುಮನಾಬಾದ ದಾಟಿದ ಮ್ಯಾಲ ಒಳಗಿನ ಟಾಯರ್ ಒಡೀತು. ಭೀಮಶಾ ನನ್ನ ಮಗ್ಗಲಕ್ಕ ಕೂತಿದ್ದ."

ಭೀಮಶಾ ಗಂಡನ ಜೋಡಿ ಡ್ರೈವರು, ಅಪಘಾತದಲ್ಲಿ ಹೋದವನು ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಆಮೇಲೆಯೇ ಇವನು ಸ್ಟೇರಿಂಗು ಬಿಟ್ಟು ಈ ಅಂಗಡಿ ಹಾಕಿದ್ದು.

"ಗಾಲಿಗೆ ಹೂ ಹಾಕಿದ್ದೆ ನೀಲಾ, ಬಡದು ನೋಡಿರಲಿಲ್ಲ."

"ಅದಕ್ಕ ದೇವರ ಮ್ಯಾಲ ಸಿಟ್ಟೇನ್ರಿ?"

"ಸಿಟ್ಟ್ಯಾಕ? ಅವನಿಗೆ ಬಿಟ್ಟ ಕೆಲಸ ನಂದಿತ್ತು." ಸಲಾಕಿಯನ್ನು ಟವೆಲ್ಲಿನಿಂದ ಒರೆಸಿ, "ಈಗ ಯಾರಿಗೂ ಬಿಡೂದಿಲ್ಲ ನೋಡು, ಆರಾಮ ಅನಸತೈತಿ," ಎಂದ. ಮುಂದಿನ ಲಾರಿ ಬಂದು ನಿಂತಿತು. ಅವನು ಎದ್ದು ಹೋದ.

ಇವತ್ತು ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಟ್ಟ. ವಸುಧಾ ಔಷಧಕ್ಕೆ ಹೋಗಿದ್ದಳು, ಭಾವ ಹೊರಗಿನ ಬೆಂಚಿನ ಮೇಲೆ ಮಲಗಿದ್ದ. "ಮರಿಯಪ್ಪ ಮುಟ್ಟಿದ್ನೇನ?" ಎಂದು ಕೇಳಿದ. ನೀಲವ್ವ ಫೋನು ನೋಡಿದಳು. ಏನೂ ಬಂದಿರಲಿಲ್ಲ. ಅವನು ಉಸಿರು ಎಳೆಯುತ್ತಿದ್ದ ರೀತಿ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಮುಟ್ಟ್ಯಾನ್ರಿ. ಎರಡು ರಿಂಗ್ ಬಂತು."

"ಹೂಂ," ಎಂದು ಅವನು ಕಣ್ಣು ಮುಚ್ಚಿದ. ಅರ್ಧ ತಾಸಿನ ಮೇಲೆ ನರ್ಸು ಬಂದು ನಾಡಿ ಹಿಡಿದು ನೋಡಿದಳು. ಗಂಡನಿಗೆ ನೀಲವ್ವ ಹೇಳಿದ ದೊಡ್ಡ ಸುಳ್ಳು ಅದೊಂದೇ.

*

ಅಯ್ಯನವರು ಸ್ಕೂಟರಿನಲ್ಲಿ ಬಂದರು. ವಾಡಿಯಲ್ಲಿರುವ ನಾಲ್ಕಾರು ಲಿಂಗಾಯತ ಮನೆಗಳಿಗೆ ಹುಟ್ಟು ಸಾವು ಎಲ್ಲಕ್ಕೂ ಅವರೇ. ಹೆಗಲಿನ ಶಲ್ಯ ಸರಿಮಾಡಿಕೊಂಡು, ಕುರ್ಚಿಯಲ್ಲಿದ್ದ ಕಾಶೀನಾಥನನ್ನು ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ಕೇಳಿದರು.

"ಕಡೀಗೆ ಶಿವನ ಹೆಸರು ತಗೊಂಡಾರೇನವ್ವಾ?"

ಡ್ರೈವರುಗಳು, ಗೋದಾಮಿನ ಹಮಾಲರು, ಕ್ಯಾಂಪ್ಟಿಯಿಂದ ಬಂದ ಸಂಘದವರು ಎಲ್ಲರೂ ಅವಳ ಕಡೆ ತಿರುಗಿದರು. ರೇವಣಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಅವನ ತುಟಿ ಆ ಎರಡು ಅಕ್ಷರವನ್ನು ಅವಳ ಪರವಾಗಿ ಆಡುತ್ತಿತ್ತು. ಅಂದುಬಿಟ್ಟರೆ ಎಲ್ಲರಿಗೂ ಸಮಾಧಾನ. ಅವಳಿಗೂ ಅಷ್ಟೇ ಬೇಕಾಗಿತ್ತು.

"ಇಲ್ರಿ," ಎಂದಳು ನೀಲವ್ವ. "ಮರಿಯಪ್ಪ ಮುಟ್ಟಿದ್ನೇನ ಅಂತ ಕೇಳಿದ್ರು. ಅದ ಕಡೀ ಮಾತು."

ಅವಳು ಕೈಯಲ್ಲಿದ್ದ ಫೋನನ್ನು ಎತ್ತಿ ತೋರಿಸಿದಳು.

"ಮುಟ್ಟ್ಯಾನ ಅಂದೆ ನಾ. ಅದು ಸುಳ್ಳು. ಫೋನ್ ಬಂದಿರಲಿಲ್ಲ, ಇನ್ನೂ ಬಂದಿಲ್ಲ." ಅವಳು ಭಾವನ ಕಡೆ ತಿರುಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಒಂದು ಸುಳ್ಳು ಹೇಳಿ ಕಳಿಸೀನ್ರಿ ಭಾವಾರ. ಅದರ ಮ್ಯಾಲ ಇನ್ನೊಂದು ಹೇರಾಕ ನನ್ನ ಕೈಲೆ ಆಗೂದಿಲ್ಲ. ಜಗಲಿ ಮುಂದ ಕೂತದ್ದು ನೀವು ನೋಡಿದ್ದು ಖರೆ. ಅಲ್ಲಷ್ಟ ಸಿಗ್ನಲ್ ಸಿಗತಿತ್ತರಿ."

ಹಿಂದೆ ಯಾರೋ ಒಬ್ಬ ಡ್ರೈವರು ನಗಲು ಹೋಗಿ ಬಿಕ್ಕಿದ. ರೇವಣಪ್ಪ ಮುಖ ಆಚೆ ತಿರುಗಿಸಿಕೊಂಡು ಗೋಡೆಯ ಪಕ್ಕ ಹೋಗಿ ನಿಂತ.

ಅಯ್ಯನವರು ತಂದಿದ್ದ ವಿಭೂತಿಯ ಗಟ್ಟಿಯನ್ನು ಚೀಲಕ್ಕೆ ಹಾಕಿದರು. "ಹಂಗಾರ ಅವರು ಬ್ಯಾಡ ಅಂದದ್ದು ನಾ ಹಚ್ಚೂದಿಲ್ಲ. ಮಣ್ಣು ಹಾಕಾಕ ಬರ್ತೀನಿ, ಅದಕ್ಕ ಯಾರದೂ ಅಪ್ಪಣಿ ಬೇಕಿಲ್ಲ. ಹತ್ತು ವರ್ಷ ನನ್ನ ಸ್ಕೂಟರಿಗೆ ಗಾಳಿ ಹಾಕ್ಯಾರ. ಬ್ರೇಕ್ ರಿಪೇರಿ ಮಾಡಸಲಿಲ್ಲ ಅಂತ ಬೈದೂ ಬೈದಾರ."

ಶವ ಒಯ್ಯುವ ಗಾಡಿ ರಸ್ತೆಯಲ್ಲಿ ನಿಂತಿತ್ತು. ಮಗ್ಗುಲಲ್ಲಿ ದೊಡ್ಡದಾಗಿ 'ಸ್ವರ್ಗರಥ' ಎಂದು ಬರೆದಿತ್ತು. ಸ್ವರ್ಗಕ್ಕೆ ಹೋಗೋ ಗಾಡಿಯೂ ಪಂಕ್ಚರ್ ಆಗುತ್ತದೆ ಎಂದು ಕಾಶೀನಾಥ ಅದರ ಡ್ರೈವರನಿಗೆ ಎಷ್ಟೋ ಸಲ ಚೇಷ್ಟೆ ಮಾಡಿದ್ದ. ಕುರ್ಚಿಯನ್ನು ಎತ್ತಿ ಒಳಗಿಟ್ಟರು. ಒಂದೂವರೆಗೆ ರಾಹುಕಾಲ, ಅದರೊಳಗೆ ಹೊರಡಬೇಕು ಎಂದು ರೇವಣಪ್ಪ ಬೆಳಗಿನಿಂದ ಹೇಳುತ್ತಲೇ ಇದ್ದ. ಈಗ ಒಂದೂಕಾಲು.

ನೀಲವ್ವ ಗಾಡಿ ಹತ್ತಲಿಲ್ಲ. ಸಲಾಕಿ ತೆಗೆದುಕೊಂಡು ಮುಂದಿನ ಗಾಲಿಯ ಹತ್ತಿರ ಹೋದಳು.

"ಕಾಕೂ, ಉಶೀರ್ ಹೋತೋಯ್," ತಡವಾಗುತ್ತಿದೆ ಎಂದು ಡ್ರೈವರು ಮರಾಠಿಯಲ್ಲಿ ಅಂದ. ಅವಳು ಕೇಳಿಸಿಕೊಳ್ಳಲಿಲ್ಲ. ಬಡಿದಳು. ಟಣ್. ಸುತ್ತು ಬಂದು ಇನ್ನೊಂದನ್ನು ಬಡಿದಳು. ಟಣ್. ಹಿಂದಿನ ಜೋಡಿಗೆ ಬಂದಾಗ ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ಕೈ ನೆಲಕ್ಕೂರಿ ಬಗ್ಗಿ, ಸಲಾಕಿಯನ್ನು ಒಳಗೆ ತೂರಿಸಿ ಬಡಿದಳು.

ದಪ್.

ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಗಾಡಿಯ ಮಂದಿ. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಸಿದ್ದೇಶ ಆಗಲೇ ಅಂಗಡಿಗೆ ಓಡಿ ಜಾಕು ಹೊರತರುತ್ತಿದ್ದ. ಡ್ರೈವರು ಬಗ್ಗಿ ನೋಡಿ ತಲೆ ಕೆರೆದುಕೊಂಡ. ಒಳಗಿನ ಟಾಯರಿನಲ್ಲಿ ಮೊಳೆಯಿತ್ತು.

"ರಾಹುಕಾಲ ಬಂತಲ್ರಿ," ಎಂದು ಯಾರೋ ಅಂದರು.

ರೇವಣಪ್ಪ ಗೋಡೆಯ ಬದಿಯಿಂದ ಬಂದ. ಏನನ್ನಾದರೂ ಅನ್ನುತ್ತಾನೆ ಎಂದು ನೀಲವ್ವ ಕಾದಳು. ಅವನು ಅಂಗಳದ ಮೂಲೆಯಲ್ಲಿದ್ದ ಒಂದು ದಪ್ಪ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಗಾಡಿ ಸರಿಯದ ಹಾಗೆ ಮುಂದಿನ ಗಾಲಿಗೆ ಕೊಟ್ಟ. ಪಂಚೆಗೆ ಕೈ ಒರೆಸಿಕೊಂಡು, "ಸಾವಕಾಶ ಮಾಡ್ರಿ," ಎಂದ. "ಅವಸರೇನಿಲ್ಲ."

ಪಂಕ್ಚರ್ ತಿದ್ದಿ ಗಾಲಿ ತೊಡಿಸಲು ಮುಕ್ಕಾಲು ತಾಸು ಹಿಡಿಯಿತು. ಕಾಶೀನಾಥ ತನ್ನ ಅಂಗಡಿಯ ಮುಂದೆ ಗಾಡಿಯೊಳಗೆ ಕೂತಿದ್ದ, ಅವನದೇ ಕಂಪ್ರೆಸರು ಪಕ್ಕದಲ್ಲಿ ಬಡಬಡ ಸದ್ದು ಮಾಡುತ್ತಿತ್ತು. ಗಾಳಿ ತುಂಬಿದ ಮೇಲೆ ನೀಲವ್ವ ಮತ್ತೆ ಬಗ್ಗಿ ಬಡಿದಳು. ಆಮೇಲೆ ಹತ್ತಿ ಗಂಡನ ಪಕ್ಕದಲ್ಲಿ ಕೂತಳು.

"ಹೂಂ, ಹೊಂಡು," ಎಂದಳು ಡ್ರೈವರನಿಗೆ.

*

ರುದ್ರಭೂಮಿಯಲ್ಲಿ ಗುಂಡಿ ಸಿದ್ಧವಾಗಿತ್ತು. ಕಪ್ಪು ಮಣ್ಣು, ಡಿಸೆಂಬರಿನ ತಂಪಿಗೆ ಒಳಗಿನ್ನೂ ಹಸಿಯಾಗಿತ್ತು. ಮಂತ್ರವಿಲ್ಲದೆ ಕಾಶೀನಾಥನನ್ನು ಇಳಿಸಿದರು. ಪೊನ್ನಪ್ಪನವರು ಸುಮ್ಮನೆ ನೆಟ್ಟಗೆ ನಿಂತಿದ್ದರು. ರೇವಣಪ್ಪ ಮಣ್ಣು ಹಾಕಿದ, ವಸುಧಾ ಹಾಕಿದಳು, ಅಯ್ಯನವರು ಹಾಕಿ ಪಕ್ಕಕ್ಕೆ ಸರಿದರು. ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತಿತ್ತು.

ನೀಲವ್ವ ಬಲಗೈಯಲ್ಲಿ ಮಣ್ಣು ಹಿಡಿದಳು. ಎಡಗೈಯಲ್ಲಿ ಫೋನಿತ್ತು.

ಕೈ ಮುಂದೆ ಹೋಗಲಿಲ್ಲ. ಅವನು ಕೇಳಿದ್ದಕ್ಕೆ ಸುಳ್ಳು ಉತ್ತರ ಕೊಟ್ಟು, ಅದರ ಮೇಲೆ ಮಣ್ಣು ಮುಚ್ಚುವುದು ಅವಳಿಂದ ಆಗದು. ಒಳಗಿನ ಗಾಲಿಯೊಂದು ಎಲ್ಲಿಯೋ ಯಾವುದೋ ರಸ್ತೆಯಲ್ಲಿ ದಪ್ ಎನ್ನುತ್ತಿರಬಹುದು ಎಂದು ನೆನೆದಳು. ಮನಸ್ಸಿನಲ್ಲಿ ತನ್ನ ಎಲ್ಲ ದೇವರನ್ನೂ ಹೆಸರು ಹಿಡಿದು ಕರೆದಳು. ಅದು ಅವಳ ರೂಢಿ, ಅವನೂ ಎಂದೂ ಬೇಡ ಅಂದವನಲ್ಲ.

"ಅವ್ವಾ, ಹಾಕ," ಎಂದಳು ವಸುಧಾ ಮೆಲ್ಲಗೆ.

"ತಡಿ."

"ಎಲ್ಲಾರೂ ನಿಂತಾರ."

"ನಿಲ್ಲಲಿ."

ಮಂದಿ ನಿಂತರು. ಮುಷ್ಟಿಯ ಸಂದಿಯಿಂದ ಮಣ್ಣು ಸಣ್ಣಗೆ ಉದುರತೊಡಗಿತ್ತು. ಅವಳು ಬೆರಳು ಬಿಗಿ ಮಾಡಿದಳು. ಎಷ್ಟು ಹೊತ್ತಾಯಿತೋ, ಸಿದ್ದೇಶ ಒಂದು ಸಲ ಕೆಮ್ಮಿದ.

ಫೋನು ರಿಂಗಾಯಿತು. ಇನ್ನೊಂದು ಸಲ ಆಯಿತು. ನಿಂತಿತು.

ವಸುಧಾ ಬಗ್ಗಿ ಹೆಸರು ನೋಡಿದಳು. ತಾಯಿಯ ಭುಜ ಹಿಡಿದು, "ಅವ್ವಾ, ಮರಿಯಪ್ಪ," ಎಂದಳು.

ಗುಂಡಿಯ ಸುತ್ತ ನಿಂತಿದ್ದ ಡ್ರೈವರುಗಳಲ್ಲಿ ಒಬ್ಬ ತಲೆಯ ಮೇಲಿನ ಟವೆಲ್ಲು ತೆಗೆದ. ತಿರುಗಿ ಕರೆ ಮಾಡಿ ಎಂದು ಯಾರೂ ಹೇಳಲಿಲ್ಲ.

ನೀಲವ್ವ ಗುಂಡಿಯ ಅಂಚಿಗೆ ಹೋಗಿ ಬಗ್ಗಿದಳು. "ಮುಟ್ಟ್ಯಾನ್ರಿ," ಎಂದು ಗಂಡನಿಗೆ ಹೇಳಿ, ಮುಷ್ಟಿ ಬಿಚ್ಚಿದಳು.